ದ್ವೀಪದ ಕೋಡಿಗೆ ಮಂಚದ ಹಲಗೆ

ಬಸ್ಸಿನಲ್ಲಿ ನಾನು ಕಂಬಿ ಹಿಡಿಯುವುದಿಲ್ಲ. ಎಡಗಾಲು ಮುಂದೆ, ಬಲಗಾಲು ಹಿಂದೆ, ಮಂಡಿ ಸ್ವಲ್ಪ ಬಾಗಿಸಿ, ಎರಡೂ ಕೈ ಸಡಿಲ ಬಿಟ್ಟು, ದಾರಿಗೆ ಅಡ್ಡಡ್ಡಲಾಗಿ ನಿಲ್ಲುತ್ತೇನೆ. ಸೀಟು ಖಾಲಿ ಇದ್ದಾಗಲೂ ಒಮ್ಮೊಮ್ಮೆ ಹೀಗೆ ನಿಂತುಬಿಟ್ಟಿರುತ್ತೇನೆ. ಮೊನ್ನೆ ಕ್ಯಾತ್ಸಂದ್ರದ ಹತ್ತಿರ ಡ್ರೈವರು ಗಕ್ಕನೆ ಬ್ರೇಕು ಹಾಕಿದಾಗ ಕೂತವರೆಲ್ಲ ಮುಂದಿನ ಸೀಟಿಗೆ ಹಣೆ ಹೊಡೆಸಿಕೊಂಡರು. ನಾನು ಮಾತ್ರ ನಿಂತ ಹಾಗೇ ನಿಂತಿದ್ದೆ. ಕಂಡಕ್ಟರಿಗೆ ಇದು ಸಂತೋಷದ ವಿಷಯ ಆಗಬೇಕಿತ್ತು. ಆಗಲಿಲ್ಲ.

"ಯಜಮಾನ್ರೇ, ಕಂಬಿ ಹಾಕಿರೋದು ಹಿಡ್ಕೊಳಕ್ಕೆ. ಈ ವಯಸ್ಸಲ್ಲಿ ಏನು ಸರ್ಕಸ್ಸು?"

ಸರ್ಕಸ್ಸಲ್ಲಪ್ಪ, ಇದು ಸಮುದ್ರದ ಅಭ್ಯಾಸ ಎಂದು ಹೇಳೋಣವೆನಿಸಿತು. ಆದರೆ ತುಮಕೂರು ಬಸ್ಸಿನಲ್ಲಿ ನಿಂತು ಸಮುದ್ರದ ಮಾತು ಆಡಿದರೆ ಕೇಳಿದವರು ಏನಂದುಕೊಂಡಾರು? ಸುಮ್ಮನೆ ಕಂಬಿ ಹಿಡಿದುಕೊಂಡೆ. ಅವನು ಹಿಂದಕ್ಕೆ ಹೋದ ಮೇಲೆ ಬಿಟ್ಟೆ.

ನಾವು ಒಂದು ದ್ವೀಪಕ್ಕೆ ಹೋಗಬೇಕೆಂದಿದ್ದೆವು. ಹೋಗಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಹಡಗು ಯಾವಾಗ ಬರುತ್ತದೆಂದು ನೀವು ಕಾದು ಕೂರುವುದು ಬೇಡ. ಯಾವ ವರ್ಷ ಎಂದು ಮಾತ್ರ ಕೇಳಬೇಡಿ. ನನ್ನ ನೆನಪಿನಲ್ಲಿ ನಯಾಜ್ ನೆಲ ಗುಡಿಸುವಂಥ ಬೆಲ್‌ಬಾಟಂ ಪ್ಯಾಂಟು ಹಾಕಿ ನಿಂತಿದ್ದಾನೆ, ಅಂದರೆ ಎಪ್ಪತ್ತರ ದಶಕ. ಅದೇ ನೆನಪಿನಲ್ಲಿ ಅವನ ತಲೆಯ ಹಿಂದೆ, ಎದುರು ಮನೆಯ ಮಾಳಿಗೆಯ ಮೇಲೆ ಟೀವಿ ಆಂಟೆನಾ ಇದೆ, ಅಂದರೆ ಎಂಬತ್ತರ ದಶಕ. ಪ್ಯಾಂಟೋ ಆಂಟೆನಾವೋ, ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಎರಡನ್ನೂ ಎದುರು ಬದುರು ಕೂರಿಸಿ ವಿಚಾರಿಸಿದ್ದೇನೆ, ಎರಡೂ ಬಾಯಿ ಬಿಡುತ್ತಿಲ್ಲ.

ನಯಾಜ್ ನನ್ನ ಕಾಲೇಜಿನ ಗೆಳೆಯ. ಅವನ ತಂದೆಯನ್ನು ನಾನೂ ಅವನಂತೆಯೇ ಅಬ್ಬಾ ಎಂದೇ ಕರೆಯುತ್ತಿದ್ದೆ. ತುಮಕೂರಿನ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಅವರದು ಮಂಚ ಮಾಡುವ ಅಂಗಡಿ. ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ಮನೆ. ಊರಿನಲ್ಲಿ ಯಾರ ಮದುವೆಯೇ ಆಗಲಿ, ಲಗ್ನಪತ್ರಿಕೆಗಿಂತ ಮೊದಲು ಅಬ್ಬಾಗೆ ಸುದ್ದಿ ಹೋಗುತ್ತಿತ್ತು. ಹೊಸ ಮಾದರಿಯ ಮಂಚ ಕೇಳುವ ಗಿರಾಕಿಗಳಿಗೆಂದು ಅವರು ಬೆಂಗಳೂರಿನ ರದ್ದಿ ಅಂಗಡಿಯಿಂದ ವಿದೇಶದ ಹಳೆಯ ಪತ್ರಿಕೆಗಳನ್ನು ತೂಕಕ್ಕೆ ತರುತ್ತಿದ್ದರು. ಓದುವುದಕ್ಕಲ್ಲ, ಸೋಫಾ ಮಂಚಗಳ ಚಿತ್ರ ನೋಡುವುದಕ್ಕೆ. ಅಂಥದ್ದೊಂದು ಪತ್ರಿಕೆಯಲ್ಲಿ, ಎರಡು ಸೋಫಾಗಳ ನಡುವೆ, ಆ ದ್ವೀಪ ಇತ್ತು.

ಚಿತ್ರ ಎರಡು. ಒಂದರಲ್ಲಿ ಚಡ್ಡಿ ಹಾಕಿದ ಮನುಷ್ಯನೊಬ್ಬ ಒಂದು ಹಲಗೆಯ ಮೇಲೆ, ಇಳಿಜಾರಾದ ನೀಲಿ ನೀರಿನಲ್ಲಿ, ಏನನ್ನೂ ಹಿಡಿಯದೆ ನಿಂತಿದ್ದ. ಇನ್ನೊಂದು ಆಕಾಶದಿಂದ ತೆಗೆದದ್ದು: ಪುಟ್ಟ ದ್ವೀಪ, ಅದರ ಸುತ್ತ ತಿಳಿಹಸಿರು ಬಣ್ಣದ ನಿಂತ ನೀರು, ಆ ನೀರಿನ ಸುತ್ತ ಬಳೆಯಂತೆ ಒಂದು ಗೆರೆ, ಗೆರೆಯ ಮೇಲೆ ಬೆಳ್ಳನೆ ನೊರೆ, ಆಚೆ ಕಪ್ಪು ಸಮುದ್ರ. ಕೆಳಗೆ ಬರೆದದ್ದು ಇಂಗ್ಲಿಷೂ ಅಲ್ಲ, ನಮಗೆ ಬಾರದ ಯಾವುದೋ ಭಾಷೆ. ಹಾಗಾಗಿ ಅರ್ಥ ಮಾಡಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

"ಇದು ಕೆರೆ ಕಣೋ" ಎಂದ ನಯಾಜ್.

"ಸಮುದ್ರದ ಮಧ್ಯ ಕೆರೆಯಾ?"

"ಸರಿಯಾಗಿ ನೋಡ್ಲಾ. ಒಳಗೆ ನಿಂತ ನೀರು. ಸುತ್ತ ಏರಿ. ಏರಿ ಮೇಲೆ ಬೆಳ್ಳಗೆ ಹರೀತಾ ಇದೆಯಲ್ಲ, ಅದು ಕೋಡಿ. ಕೆರೆ ತುಂಬಿದೆ, ಹೆಚ್ಚಾದ ನೀರು ಆಚೆ ಬೀಳ್ತಾ ಇದೆ. ಆ ವಯ್ಯ ಕೋಡಿ ಮೇಲಿಂದ ಜಾರ್ತಾ ಇದಾನೆ."

ನನಗೆ ತಕ್ಷಣ ಎಲ್ಲವೂ ಸ್ಪಷ್ಟವಾಯಿತು. ಬದುಕಿನಲ್ಲಿ ನನಗೆ ವಿಷಯಗಳು ಸ್ಪಷ್ಟವಾದ ಸಂದರ್ಭಗಳು ಕಡಿಮೆ, ಅದರಲ್ಲಿ ಇದು ಒಂದು. ನಾವಿಬ್ಬರೂ ಸಮುದ್ರ ಕಂಡವರಲ್ಲ. ಕಲ್ಲಿನ ಮೇಲೆ ನೀರು ಇಳಿಜಾರಾಗಿ ಬೀಳುವುದನ್ನು ಕಂಡಿದ್ದು ಕೆರೆಯ ಕೋಡಿಯಲ್ಲಿ ಮಾತ್ರ. ಕಂಡದ್ದನ್ನು ಬಿಟ್ಟು ಕಾಣದ್ದನ್ನು ನಂಬುವುದು ಹೇಗೆ?

ಎಷ್ಟೋ ವರ್ಷ ಕಳೆದ ಮೇಲೆ ಪಕ್ಕದ ಮನೆಯ ಟೀವಿಯಲ್ಲಿ ಅಂಥದ್ದೇ ದ್ವೀಪ ಬಂತು. ಆ ಗೆರೆ ನೀರಿನಡಿಯ ಹವಳದ ದಿಬ್ಬವಂತೆ. ಅಲೆ ಬರುವುದು ಆಚೆಯ ಸಮುದ್ರದಿಂದ. ಬಂದು ಆ ದಿಬ್ಬಕ್ಕೆ ಎಡವಿ, ಎದ್ದು, ಒಳಗಡೆಗೆ ಬೀಳುವುದು. ಹಲಗೆಯವರು ಹೊರಗೆ ಕಾದಿದ್ದು ಒಳಕ್ಕೆ ಜಾರಿ ಬರುತ್ತಾರೆ. ಹವಳವೋ ಚಾಕುವಿನಷ್ಟು ಹರಿತ. ನಾವು ಒಳಗಿನಿಂದ ಹೊರಕ್ಕೆ ಜಾರುವ ಏರ್ಪಾಟು ಮಾಡಿಕೊಂಡಿದ್ದೆವು. ಕೋಡಿಯ ಕೆಳಗೆ ಯಾವಾಗಲೂ ಆಳವಾದ ಗುಂಡಿ ಇರುತ್ತದೆ, ಬಿದ್ದರೂ ಪೆಟ್ಟಾಗದು ಎಂದೂ ಧೈರ್ಯ ತಂದುಕೊಂಡಿದ್ದೆವು. ಟೀವಿಯನ್ನು ತಲೆಕೆಳಗೆ ಮಾಡಿ ನೋಡಿದರೆ ನಮ್ಮ ಯೋಜನೆ ಸರಿಹೋಗುತ್ತಿತ್ತೋ ಏನೋ. ಪಕ್ಕದ ಮನೆಯವರು ಬಿಡುತ್ತಿರಲಿಲ್ಲ.

ಯೋಜನೆ ಎಂದೆನಲ್ಲ, ಅದರ ಮೊದಲ ಭಾಗ ಕಾಲ ನಿರ್ಣಯ. ಕೋಡಿ ಬೀಳಬೇಕಾದರೆ ಕೆರೆ ತುಂಬಬೇಕು, ಕೆರೆ ತುಂಬಬೇಕಾದರೆ ಮಳೆ ಜೋರಾಗಬೇಕು. ಆದ್ದರಿಂದ ದ್ವೀಪಕ್ಕೆ ನಡು ಮಳೆಗಾಲದಲ್ಲೇ ಹೋಗುವುದು. ದ್ವೀಪ ಯಾವುದು ಎಂಬುದನ್ನು ಶಾಲೆಯ ಹಳೆಯ ಅಟ್ಲಾಸಿನಲ್ಲಿ ಗೊತ್ತುಮಾಡಿದೆವು. ಮಂಗಳೂರಿನ ಎಡಕ್ಕೆ ಸಮುದ್ರದಲ್ಲಿ ಇರುವೆಯ ಮೊಟ್ಟೆಯಂಥ ಚುಕ್ಕೆಗಳಿದ್ದವು. ಚಿತ್ರದ ದ್ವೀಪದಲ್ಲಿ ತೆಂಗಿನ ಮರ ಇದ್ದವು. ತೆಂಗು ಇದ್ದ ಮೇಲೆ ನಮ್ಮ ಕಡೆಯದೇ ಇರಬೇಕಲ್ಲವೆ? ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಗಳೂರು ಹೆಂಚಿನ ಲಾರಿಯ ಕ್ಲೀನರ್ ಒಬ್ಬನನ್ನು ಮಾತಿಗೆಳೆದಾಗ ಮಳೆಗಾಲದಲ್ಲಿ ಆ ಕಡೆ ಹಡಗು ಹೋಗುವುದೇ ಕಷ್ಟ ಎಂದ. ನಯಾಜ್ ಕಾಫಿ ಲೋಟ ಕೆಳಗಿಟ್ಟು, "ಒಳ್ಳೇದೇ ಆಯ್ತು ಬುಡು, ರಶ್ ಇರಲ್ಲ" ಎಂದ.

ಎರಡನೆಯ ಭಾಗ ತಾಲೀಮು. ಈಜು ಬರುತ್ತಿತ್ತು. ಗುಬ್ಬಿಯ ಹತ್ತಿರದ ನಮ್ಮ ದೊಡ್ಡಪ್ಪನ ತೋಟದ ಬಾವಿಯಲ್ಲಿ ಬೆನ್ನಿಗೆ ಒಣ ತೆಂಗಿನಕಾಯಿಗಳ ಜೋಡಿ ಕಟ್ಟಿಕೊಂಡು ಇಬ್ಬರೂ ಕಲಿತಿದ್ದೆವು. ಆದರೆ ಬಾವಿಯ ಈಜು ಸುತ್ತುವ ಈಜು. ನೇರಕ್ಕೆ ಹೋಗುವ ಜಾಗವೇ ಇಲ್ಲ. ನಯಾಜ್ ಈಗಲೂ ಮಾತು ಶುರು ಮಾಡಿದರೆ ಹಾಗೇ ಸುತ್ತುತ್ತಾನೆ. ನಿಲ್ಲುವುದನ್ನು ಬಸ್ಸಿನಲ್ಲಿ ಕಲಿತೆವು. ತುಮಕೂರಿನಿಂದ ಗುಬ್ಬಿಗೆ ಕಂಬಿ ಹಿಡಿಯದೆ ನಿಂತು ಹೋಗುವುದು, ತೋಟ ಸೇರಿ ಬಿದ್ದ ತೆಂಗಿನ ಮಟ್ಟೆಯ ಮೇಲೆ ಒಬ್ಬ ನಿಲ್ಲುವುದು, ಇನ್ನೊಬ್ಬ ಅದನ್ನು ಗರಿ ಹಿಡಿದು ಎಳೆಯುವುದು. ಆಮೇಲೆ ಹೆಲಿಕಾಪ್ಟರ್ ಕಾರ್ಖಾನೆ ಬಂತಲ್ಲ, ಆ ಬಿದರೆಹಳ್ಳ ಕಾವಲ್ ಆಗ ಬರೀ ಹುಲ್ಲು. ಅಲ್ಲಿ ಇಳಿಜಾರು ಸಿಕ್ಕಿದರೆ ಅದು ನಮಗೆ ಅಲೆ.

ದೊಡ್ಡಪ್ಪ ಇದನ್ನೆಲ್ಲ ದೂರದಿಂದ ನೋಡುತ್ತಿದ್ದರು. ಒಂದು ದಿನ ಕರೆದರು. ನಾನು ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಯಾವ ಸೋಮಾರಿದ್ಲಾ ಈ ತೋಟ? ಮರ ಹತ್ತಿ ಒಣಗರಿ ತೆಗೆದು ಎಷ್ಟು ಕಾಲ ಆಗಿದೆ ನೋಡು."

"ತೋಟ ಅಲ್ಲ ದೊಡ್ಡಪ್ಪ, ನೀರು ನೋಡಿ."

"ಉಪ್ಪು ನೀರು. ಅದರಲ್ಲಿ ಬೆಳೆದ ಎಳನೀರು ಏನು ರುಚಿ ಇದ್ದಾತು." ಆಮೇಲೆ ಹಲಗೆಯವನ ಮೇಲೆ ಬೆರಳಿಟ್ಟರು. "ಅಲ್ಲಿಗೆ ಹೋಗಿ ನೀವಿಬ್ರೂ ಏನ್ ಮಾಡ್ತೀರ?"

"ಅವನ ಥರ ನಿಂತ್ಕೋತೀವಿ."

"ನಿಂತ್ಕೊಳಕ್ಕೆ ಅಷ್ಟು ದೂರ ಯಾಕ್ಲಾ ಹೋಗ್ಬೇಕು? ಇಲ್ಲೇ ನಿಂತ್ಕೊ. ಕಾಯಿ ಇಳಿಸ್ತಾ ಇದಾರೆ, ಎಣಿಸಿದಂಗಾಯ್ತದೆ."

ಹಾಗೆಂದವರೇ ಹೊರಡುವಾಗ ಒಂದು ಸುತ್ತು ತೆಂಗಿನ ನಾರಿನ ಹಗ್ಗ ಕೊಟ್ಟರು. ನೀರಿನ ಸಹವಾಸಕ್ಕೆ ಹೋಗುವವರು ಹಗ್ಗ ಇಟ್ಟುಕೊಂಡಿರಬೇಕಂತೆ.

ಇನ್ನು ಹಲಗೆ. ಇಲ್ಲಿಂದ ನಗು ಸ್ವಲ್ಪ ಕಡಿಮೆ.

ನಯಾಜನಿಗೆ ಒಬ್ಬಳು ಅಕ್ಕ, ಶಮೀಮ್. ಅವನು ಆಪಾ ಎನ್ನುತ್ತಿದ್ದ, ನಾನು ಶಮೀಮಕ್ಕ ಎನ್ನುತ್ತಿದ್ದೆ. ಕುಣಿಗಲ್ಲಿನ ಇಲ್ಯಾಸ್ ಎಂಬ ಹುಡುಗನ ಜತೆ ಅವಳ ಮದುವೆ ಗೊತ್ತಾಗಿತ್ತು. ಇಲ್ಯಾಸ್‌ಗೆ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ಮಾತುಕತೆಗೆ ಬಂದ ದಿನ ಶಮೀಮಕ್ಕ ಪರದೆಯ ಅಂಚಿನಿಂದ ಅವನನ್ನು ನೋಡಿದ್ದಳು. ನೋಡಿದ್ದಳೆಂಬುದು ಹೇಗೆ ಗೊತ್ತಾಯಿತೆಂದರೆ, ಆಮೇಲೆ ಬೇರೆ ಕಡೆಯ ಸಂಬಂಧವೊಂದು ಬಂದಾಗ, ಅವರು ಇನ್ನೂ ಸ್ಥಿತಿವಂತರು, ಅವಳು ಅಬ್ಬಾಗೆ ಕಾಫಿ ಕೊಡುತ್ತಾ, "ಕುಣಿಗಲ್‌ನವರಿಗೆ ಮಾತು ಕೊಟ್ಟಾಗಿದೆಯಲ್ಲ" ಎಂದಳಂತೆ. ಅವಳು ಮದುವೆಯ ಬಗ್ಗೆ ಆಡಿದ ಮಾತು ಅದೊಂದೇ.

ಮದುವೆಗೆ ಹೆಣ್ಣಿನ ಮನೆಯಿಂದ ಮಂಚ ಹೋಗಬೇಕು. ಊರಿಗೆಲ್ಲ ಮಂಚ ಮಾಡುವವರ ಮಗಳ ಮಂಚ ಎಂದರೆ ಕೇಳಬೇಕೆ? ಮನೆಯ ಹಿತ್ತಲಲ್ಲಿ ಅವಳ ಅಜ್ಜಿ ನೆಟ್ಟ ಹಲಸಿನ ಮರ ಇತ್ತು, ಒಂದು ಗಾಳಿಮಳೆಗೆ ಬಿದ್ದಿತು. ಒಳಗೆಲ್ಲ ಟೊಳ್ಳು, ಗಟ್ಟಿಯಾಗಿ ಸಿಕ್ಕಿದ್ದು ಒಂದೇ ಹಲಗೆ, ಅಗಲವಾದದ್ದು, ನಡುವೆ ಕಣ್ಣಿನಂಥ ಒಂದು ಗಂಟು. ಅದನ್ನು ಉದ್ದುದ್ದಕ್ಕೆ ಸೀಳಿದರೆ ಮಂಚದ ಎರಡೂ ಪಕ್ಕದ ಪಟ್ಟಿಗಳಾಗುತ್ತಿದ್ದವು. ಅಬ್ಬಾ ಅದನ್ನು ಹದ ಮಾಡಲು ಅಮಾನಿಕೆರೆಯ ಕೆಸರಿನಲ್ಲಿ ಹೂತು, ತೆಗೆದು, ನೆರಳಿನಲ್ಲಿ ಒಣಗಿಸಿದ್ದರು. ಇಲ್ಯಾಸನ ತಂದೆ ಬಂದು ಬೆರಳಿನ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ತಲೆಯಾಡಿಸಿ ಹೋಗಿದ್ದರು. ಅಬ್ಬಾ ಅವರ ಅಂಗಡಿಯದು ಒಂದು ಕಟ್ಟುನಿಟ್ಟು ಇತ್ತು: ಮದುವೆ ಮಂಚದ ಪಟ್ಟಿಗೆ ಜೋಡು ಹಾಕುವುದಿಲ್ಲ. ಎರಡು ತುಂಡು ಸೇರಿಸಿ ಒಂದು ಪಟ್ಟಿ ಮಾಡಿದ ಮಂಚ ಅವರ ಬಾಗಿಲು ದಾಟಿದ್ದೇ ಇಲ್ಲ. ಅಂದರೆ ಆ ಹಲಗೆ ಹೋದರೆ ಅಜ್ಜಿಯ ಮರದ ಮಂಚ ಹೋಯಿತು, ಅಬ್ಬಾ ಬೀಗರಿಗೆ ಕೊಟ್ಟ ಮಾತು ಹೋಯಿತು.

ನಯಾಜನಿಗೆ ದ್ವೀಪಕ್ಕೆ ಆ ಹಲಗೆಯೇ ಬೇಕಿತ್ತು. ಬೇರೆ ಯಾವುದೂ ಅಷ್ಟು ಅಗಲ ಇರಲಿಲ್ಲ.

"ದ್ವೀಪಕ್ಕಲ್ಲ ಆಪಾ. ಮೊದಲು ಕುಣಿಗಲ್ ಕೆರೆಯಲ್ಲಿ ಟ್ರೈ ಮಾಡ್ತೀವಿ. ಕೋಡಿ ಬಿದ್ದಿದೆಯಂತೆ. ಒಂದು ದಿನ ಅಷ್ಟೇ."

ಶಮೀಮಕ್ಕ ಅಕ್ಕಿ ಆರಿಸುತ್ತಿದ್ದಳು. "ಅದು ನನ್ನ ಮಂಚ."

"ಮಂಚ ಇನ್ನೂ ಎಲ್ಲಿ ಆಗಿದೆ? ಈಗ ಬರೀ ಹಲಗೆ."

"ನೀನೂ ಇನ್ನೂ ಮನುಷ್ಯ ಆಗಿಲ್ಲ, ಆದ್ರೂ ಊಟ ಹಾಕ್ತಾ ಇಲ್ವಾ?" ಎಂದಳು. ಆಮೇಲೆ ನನ್ನ ಕಡೆ ನೋಡಿದಳು. "ನೀನೇನಪ್ಪ ಹೇಳ್ತೀಯ?"

ನಾನು ಏನು ಹೇಳಿದೆನೋ ನೆನಪಿಲ್ಲ. ಚಿತ್ರ ತೋರಿಸಿರಬೇಕು. ಅವಳು ಅಕ್ಕಿಯ ಕೈ ಸೆರಗಿಗೆ ಒರೆಸಿ ಅದನ್ನು ತೆಗೆದುಕೊಂಡದ್ದು ನೆನಪಿದೆ. ತುಂಬ ಹೊತ್ತು ನೋಡಿದಳು. ಏನು ಕಂಡಳು ಅದರಲ್ಲಿ? ಈಗ ಕೇಳಿದರೆ, ನಾನು ಆ ಚಿತ್ರ ನೋಡೇ ಇಲ್ಲ ಎನ್ನುತ್ತಾಳೆ.

"ಒಂದು ವರ್ಷ ಕೆಸರಲ್ಲಿ ಮಲಗಿತ್ತು, ಇನ್ನೊಂದು ದಿನ ನೀರು ಕಂಡ್ರೆ ಸಾಯಲ್ಲ. ಅಬ್ಬಾ ಮರ ತರಕ್ಕೆ ಶಿರಾ ಕಡೆ ಹೋಗ್ತಾರಲ್ಲ, ಆವಾಗ ತಗೊಂಡು ಹೋಗಿ. ಹೆಂಗೆ ಹೋಯ್ತೋ ಹಂಗೇ ಬರ್ಬೇಕು."

ಹೇಗೆ ಇತ್ತೋ ಹಾಗೆ ಹೋಗಲೇ ಇಲ್ಲ. ಹಲಗೆಗೆ ಮೂತಿ ಇಲ್ಲದಿದ್ದರೆ ನೀರು ದಾರಿ ಬಿಡುವುದಿಲ್ಲ ಎಂದು ನಯಾಜನಿಗೆ ಹೊರಡುವ ದಿನ ಬೆಳಿಗ್ಗೆ ಹೊಳೆಯಿತು. ಚಿತ್ರದ ಹಲಗೆಗೂ ಮೂತಿ ಇತ್ತು. ಎಡಗಡೆ ಸಣ್ಣದೊಂದು ಓರೆ ತೆಗೆದ. ಬಲಗಡೆ ತೆಗೆದಾಗ ಅದು ಸ್ವಲ್ಪ ಹೆಚ್ಚಾಯಿತು. ಸರಿದೂಗಿಸಲು ಎಡಗಡೆ ಇನ್ನಷ್ಟು. ಹೊಸ ಕ್ಷೌರಿಕ ಕಿವಿಯ ಪಕ್ಕದ ಕೂದಲು ಸಮ ಮಾಡಲು ಹೋಗಿ ತಲೆಯ ತನಕ ಹತ್ತುತ್ತಾನಲ್ಲ, ಹಾಗೆ ಆ ಮೂತಿ ಹಲಗೆಯ ಮೈಮೇಲೆ ಹತ್ತುತ್ತಾ ಹೋಯಿತು. ಗರಗಸದ ಇನ್ನೊಂದು ತುದಿ ನಾನು ಹಿಡಿದಿದ್ದೆ ಎನ್ನುತ್ತಾನೆ ಅವನು. ಅದು ಒಬ್ಬರೇ ಹಿಡಿಯುವ ಗರಗಸ ಎಂದು ನನ್ನ ನೆನಪು. ಕತ್ತರಿಸಿದ ಚೂರುಗಳನ್ನು ಅವನು ಒಂದು ಗೋಣಿಚೀಲದಲ್ಲಿ ಜೋಪಾನವಾಗಿ ತುಂಬಿದ್ದು ಮಾತ್ರ ಇಬ್ಬರಿಗೂ ಒಪ್ಪಿಗೆ. ವಾಪಸ್ ಬಂದ ಮೇಲೆ ಅಂಟಿಸುವುದಕ್ಕೆ.

ಹಲಗೆಗೆ ಬೆಡ್‌ಶೀಟು ಸುತ್ತಿ, ದೊಡ್ಡಪ್ಪನ ಹಗ್ಗ ಬಿಗಿದು ಕುಣಿಗಲ್ ಬಸ್ಸಿನ ಹತ್ತಿರ ಒಯ್ದೆವು. ಕಂಡಕ್ಟರು ದೂರದಿಂದಲೇ ಕೈ ಅಡ್ಡ ಮಾಡಿದ.

"ಏನ್ರೀ ಅದು? ನೋಡಿದ್ರೆ ಒಳ್ಳೆ ಇದು ಇದ್ದಂಗಿದೆ. ನಮ್ ಬಸ್ಸಲ್ಲಿ ಅದೆಲ್ಲ ಆಗಲ್ಲ."

"ಇಸ್ತ್ರಿ ಟೇಬಲ್ಲು ಸಾರ್" ಎಂದ ನಯಾಜ್.

"ಇಷ್ಟುದ್ದ? ಯಾರ್ದು ಪಂಚೆ ಇಸ್ತ್ರಿ ಮಾಡ್ತೀರ?" ಎಂದು ಗೊಣಗಿ ಮೇಲೆ ಹಾಕಿಸಿದ. ನಾವು ಒಳಗೆ ಕಂಬಿ ಹಿಡಿಯದೆ ನಿಂತೆವು.

ಕುಣಿಗಲ್ ಕೆರೆಗೆ ಕೋಡಿ ಬಿದ್ದರೆ ಸುತ್ತಲಿನವರೆಲ್ಲ ನೋಡಲು ಬರುತ್ತಾರೆ. ಹೆಂಗಸರು ಮೊರದಲ್ಲಿ ಬಾಗಿನ ತಂದು ಅರಿಸಿನ ಕುಂಕುಮ ಹಾಕಿ ನೀರಿಗೆ ಬಿಡುತ್ತಾರೆ, ಗಂಡಸರು ಕೋಡಿಯ ಕೆಳಗೆ ಪಂಚೆ ಹಿಡಿದು ಮೀನಿಗೆ ಕಾಯುತ್ತಾರೆ, ಬೇಯಿಸಿದ ಕಡಲೆಕಾಯಿ ಮಾರುವವರು ಬರುತ್ತಾರೆ. ಊರಿಗೆ ಊರೇ ಅಲ್ಲಿರುತ್ತದೆ. ಆ ಊರಿನಲ್ಲಿ ಶಮೀಮಕ್ಕನ ಬೀಗರೂ ಇರುತ್ತಾರೆ ಎಂಬ ಸರಳ ವಿಷಯ ನಮ್ಮ ಯೋಜನೆಯಲ್ಲಿ ಇರಲಿಲ್ಲ. ಕುಣಿಗಲ್ ಎಂದರೆ ನಮಗೆ ಆ ತಿಂಗಳೆಲ್ಲ ಬರೀ ನೀರು.

ಕೋಡಿಯಿಂದ ಒಂದಿಷ್ಟು ಮೇಲೆ, ಕೆರೆಯ ಒಳಗೆ, ಸೊಂಟದಷ್ಟು ನೀರಿನಲ್ಲಿ ಹಲಗೆ ಬಿಟ್ಟೆವು. ತೇಲಿತು. ಹಲಗೆಯ ಒಂದು ತುದಿಗೆ ಸುತ್ತಿ ಗಂಟು ಹಾಕಿದ ಹಗ್ಗ, ಹಗ್ಗದ ಇನ್ನೊಂದು ತುದಿ ನನ್ನ ಕೈಲಿ. ನಯಾಜ್ ಮೊದಲು ಅದರ ಮೇಲೆ ಮಲಗಿದ, ಆಮೇಲೆ ಮಂಡಿಯೂರಿದ. ನೀರು ನಿಧಾನವಾಗಿ ಕೋಡಿಯ ಕಡೆ ಎಳೆಯುತ್ತಿತ್ತು. ದಡದಲ್ಲಿದ್ದವರೆಲ್ಲ ಮೀನು ಬಿಟ್ಟು ನಮ್ಮನ್ನು ನೋಡತೊಡಗಿದರು. ಅವನು ಎದ್ದು ನಿಂತ.

ನಿಂತನೋ? ಅವನ ಪ್ರಕಾರ ಬಹಳ ಹೊತ್ತು ನಿಂತಿದ್ದ. ಕುಣಿಗಲ್ ಬೆಟ್ಟವೆಲ್ಲ ಕಾಣಿಸಿತಂತೆ. ನನ್ನ ಪ್ರಕಾರ ನಿಲ್ಲಲೇ ಇಲ್ಲ. ಬೀಳುವ ಮೊದಲು ಯಾರೇ ಆದರೂ ಹಾಗೆ ಒಮ್ಮೆ ನೆಟ್ಟಗಾಗುತ್ತಾರೆ. ಬಿದ್ದವನು ಹಗ್ಗಕ್ಕೆ ಕೈ ಹಾಕಿದ, ಗಂಟು ಬಿಚ್ಚಿಕೊಂಡಿತು. ಹಗ್ಗ, ನಯಾಜ್, ನಾನು ಮೂವರೂ ಕೆರೆಯಲ್ಲಿ ಉಳಿದೆವು. ಹಲಗೆ ತಾನೊಂದೇ ತಿರುಗಿ, ಮೂತಿ ಮುಂದೆ ಮಾಡಿ, ಕೋಡಿಯ ಕಲ್ಲಿನ ಮೇಲೆ ಒಂದು ಕ್ಷಣ ತೂಗಿ, ಬೆಣ್ಣೆಯ ಹಾಗೆ ಜಾರಿ ಇಳಿಯಿತು. ನಮ್ಮ ಇಡೀ ಯೋಜನೆ ಸರಿಯಾಗಿ ನಡೆದದ್ದು ಆ ಒಂದು ಸಲ, ಅದೂ ನಾವಿಬ್ಬರೂ ಅದರ ಮೇಲೆ ಇಲ್ಲದಿದ್ದಾಗ.

"ಯಾರ್ದಪ್ಪ ಅಷ್ಟು ದೊಡ್ಡ ಬಾಗಿನ?" ಎಂದಳು ದಡದಲ್ಲಿದ್ದ ಒಬ್ಬ ಮುದುಕಿ.

ಏರಿ ಹತ್ತಿ ಇಳಿದು, ಮುಳ್ಳು ತುಳಿದು ಕೆಳಗಿನ ಹಳ್ಳಕ್ಕೆ ಓಡಿ ಹೋಗುವಷ್ಟರಲ್ಲಿ ಹಲಗೆ ಇರಲಿಲ್ಲ. ಪಂಚೆಯಲ್ಲಿ ಮೀನು ಹಿಡಿಯುತ್ತಿದ್ದವನನ್ನು ಕೇಳಿದೆವು.

"ಹಲಗೆಯಾ? ಸಿಕ್ತಲ್ಲ. ಒಬ್ರು ಯಜಮಾನ್ರು ತಟ್ಟಿ ನೋಡಿದ್ರು, ಗಂಟು ನೋಡಿದ್ರು, ಇದು ನಮ್ದೇ ಅಂದ್ರು. ಅವರ ಮಗ ಹೆಗಲ ಮೇಲೆ ಇಟ್ಕೊಂಡು ಹೋದ. ಕುದುರೆ ಫಾರಂ ಇಲ್ಯಾಸ್ ಇಲ್ವಾ, ಅವನೇ."

ನಯಾಜ್ ಅಲ್ಲೇ ಒದ್ದೆ ಬಟ್ಟೆಯಲ್ಲಿ ಕಲ್ಲಿನ ಮೇಲೆ ಕೂತುಬಿಟ್ಟ. ಬೀಗರ ಮನೆಗೆ ಹೋಗಿ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹೋಗಿ ಏನೆಂದು ಕೇಳುವುದು? ಮರಳುವ ಬಸ್ಸಿನಲ್ಲಿ ಇಬ್ಬರೂ ಕಂಬಿ ಹಿಡಿದುಕೊಂಡೆವು.

ಶಮೀಮಕ್ಕ ನಮ್ಮ ಬರಿಗೈ ನೋಡಿದಳು.

"ಮುರೀತಾ?"

"ಇಲ್ಲ ಆಪಾ, ಗಟ್ಟಿಯಾಗಿದೆ."

"ಮತ್ತೆ ಎಲ್ಲಿ?"

"ನಿನ್ನ ಮನೇಲೇ ಇದೆ."

"ಯಾವ ಮನೆ?"

"ಕುಣಿಗಲ್‌ದು."

"ನಾನೇ ಇನ್ನೂ ಹೋಗಿಲ್ಲ. ನನ್ನ ಮಂಚ ಹೋಯ್ತಾ?" ಎಂದಳು. ನಗಬಹುದೆಂದು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಆಮೇಲೆ ನಯಾಜ್ ಮೂತಿಯ ವಿಷಯ ಹೇಳಿದ. ಅವಳು ಏನೂ ಬೈಯಲಿಲ್ಲ. ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಗಲವಾದ ಹಲಗೆ ತಟ್ಟಿ ಒಪ್ಪಿಕೊಂಡು ಹೋದವರ ಕೈಗೆ ಕತ್ತರಿಸಿದ ಹಲಗೆ ಕೋಡಿಯಲ್ಲಿ ತೇಲಿ ಬಂದರೆ ಅವರು ಏನಂದುಕೊಳ್ಳುತ್ತಾರೆ? ಹೆಣ್ಣು ಕೊಡಲು ಮನಸ್ಸಿಲ್ಲ ಎಂದೋ, ಮೋಸ ಎಂದೋ, ಅಪಶಕುನ ಎಂದೋ. ಮೂರರಲ್ಲಿ ಯಾವುದಾದರೂ ಸಾಕಿತ್ತು, ಅವಳು ಪರದೆಯ ಅಂಚಿನಿಂದ ನೋಡಿದ್ದೆಲ್ಲ ಅಲ್ಲಿಗೆ ಮುಗಿಯುವುದಕ್ಕೆ.

ಅಬ್ಬಾ ಊರಿಗೆ ಮರಳಿದ ದಿನವೇ ಇಲ್ಯಾಸ್ ಬಂದ. ಹೆಗಲ ಮೇಲೆ ಹಲಗೆ. ಉದ್ದನೆಯ ಆಳು, ಅಂಗಡಿಯ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದು ಸಲಾಂ ಹೇಳಿದ. ನಾನೂ ನಯಾಜನೂ ಅಲ್ಲೇ ಇದ್ದೆವು. ಓಡಿಹೋಗುವುದಕ್ಕೆ ಇದ್ದದ್ದು ಅದೊಂದೇ ಬಾಗಿಲು.

ಅಬ್ಬಾ ಹಲಗೆಯ ಮೇಲೆ ಕೈಯಾಡಿಸಿದರು. ಗಂಟಿನ ಹತ್ತಿರ ಬೆರಳು ನಿಂತಿತು. ಮುಂದೆ ಹೋಗಿ ಮೂತಿಯ ಹತ್ತಿರ ಮತ್ತೆ ನಿಂತಿತು.

"ಇದನ್ನ ಯಾರು ಮಾಡಿದ್ದು?"

"ನಾನು" ಎಂದ ನಯಾಜ್.

"ಯಾಕೆ?"

ನಯಾಜ್ ಹೇಳತೊಡಗಿದ. ದ್ವೀಪ, ಏರಿ, ಕೋಡಿ, ಒಳಗಿನಿಂದ ಹೊರಕ್ಕೆ ಜಾರುವುದು, ಮಳೆಗಾಲ, ಹಡಗು. ಅಲ್ಲಲ್ಲಿ ನಾನು ಸೇರಿಸಿದೆ. ನಮ್ಮ ಯೋಜನೆಯನ್ನು ಇನ್ನೊಬ್ಬರಿಗೆ ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು, ಮತ್ತು ಹೇಳುತ್ತಾ ಹೇಳುತ್ತಾ ಅದು ನನಗೇ ಅರ್ಥವಾಗದೆ ಹೋಯಿತು. ಅಬ್ಬಾ ನೆಲ ನೋಡುತ್ತಿದ್ದರು. ಇಲ್ಯಾಸ್ ಮಾತ್ರ ಕುದುರೆಯ ಕಾಯಿಲೆ ಕೇಳಿಸಿಕೊಳ್ಳುವವನಂತೆ ಗಮನ ಕೊಟ್ಟು ಕೇಳಿದ.

"ಜಾರಿ ಆಚೆ ಬಿದ್ರಿ, ಸರಿ. ಆಮೇಲೆ ವಾಪಸ್ ಕೋಡಿ ಹತ್ತೋದು ಹೆಂಗೆ?"

ಇಷ್ಟು ತಿಂಗಳಲ್ಲಿ ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಪರದೆಯ ಹಿಂದೆ ಯಾರೋ ತಡೆದುಕೊಂಡ ನಗು ತಪ್ಪಿಸಿಕೊಂಡಿತು. ಇಲ್ಯಾಸ್ ಪರದೆಯ ಕಡೆ ತಿರುಗಿ, ತಿರುಗಬಾರದೆಂದು ನೆನಪಾಗಿ, ತನ್ನ ಚಪ್ಪಲಿ ನೋಡಿಕೊಂಡ.

"ನಿಮ್ಮ ತಂದ್ಯೋರು ಏನಂದ್ರು?" ಅಬ್ಬಾ ಕೇಳಿದರು.

"ಮೂತಿ ಯಾಕೆ ಕತ್ತರಿಸಿದಾರೋ ಕೇಳ್ಕೊಂಡು ಬಾ ಅಂದ್ರು. ಮಾತು ಮುಂದುವರಿಸೋದು ಬಿಡೋದು ಆಮೇಲೆ ನೋಡೋಣ ಅಂದ್ರು." ಹಲಗೆಯ ಮೂತಿ ಸವರುತ್ತಾ, "ಇದಕ್ಕೆ ಕತ್ತರಿಸಿದ್ದು ಅಂತ ಅವರಿಗೆ ಹೆಂಗೆ ಹೇಳ್ಲೋ ಗೊತ್ತಾಗ್ತಿಲ್ಲ" ಎಂದ.

"ಬೇರೆ ಹಲಗೆ ತರಬಹುದು. ಅಜ್ಜಿ ಮರದ್ದು ಅಂತ ಹೇಳಕ್ಕಾಗಲ್ಲ. ಜೋಡು ನಾನು ಹಾಕಲ್ಲ." ಅಬ್ಬಾ ಇದನ್ನು ಯಾರಿಗೂ ಅಲ್ಲದೆ ಹೇಳಿದರು. ಹಲಗೆಯನ್ನು ಮರದ ಹೊಟ್ಟು ಹರಡಿದ ನೆಲದ ಮೇಲೆ ಮಲಗಿಸಿ, ಮೂತಿ ಶುರುವಾಗುವ ಕಡೆ ಸುಣ್ಣದ ಕಡ್ಡಿಯಿಂದ ಅಡ್ಡ ಗೆರೆ ಎಳೆದರು. ಗೆರೆಯಿಂದ ಆಚೆಯದೆಲ್ಲ ವ್ಯರ್ಥ. ಉಳಿದದ್ದನ್ನು ಕಣ್ಣಿನಲ್ಲೇ ಅಳೆದರು, ಆಮೇಲೆ ಅಳಿಯನಾಗಬೇಕಾದವನನ್ನು ಅಳೆದರು.

"ಇಲ್ಲಿ ಮಲಗಪ್ಪ ಸ್ವಲ್ಪ."

ಇದನ್ನು ನಯಾಜ್ ಒಪ್ಪುವುದಿಲ್ಲ. ಮದುವೆಗೆ ಮೊದಲು ಗಂಡನ್ನು ನೆಲದ ಮೇಲೆ ಮಲಗಿಸುವವರು ಯಾರು, ನೀನು ಕಟ್ಟಿದ ಕತೆ ಎನ್ನುತ್ತಾನೆ. ಇರಬಹುದು. ನನ್ನ ನೆನಪಿನ ಯೋಗ್ಯತೆ ನಿಮಗೆ ಈಗಾಗಲೇ ಗೊತ್ತಿದೆ. ಆದರೆ ಹೊಟ್ಟಿನ ಮೇಲೆ ಬಿಟ್ಟ ಅವನ ಚಪ್ಪಲಿ, ಸುಣ್ಣದ ಗೆರೆಯಿಂದ ಒಂದು ಗೇಣು ಆಚೆಗೆ ಮೂತಿಯ ಮೇಲೆ ಚಾಚಿದ್ದ ಅವನ ಪಾದಗಳು, ಒಂದು ಹಿಮ್ಮಡಿಗೆ ಅಂಟಿದ್ದ ಹುಲ್ಲಿನ ಎಸಳು, ಇವನ್ನು ನಾನು ಎಲ್ಲಿಂದ ತಂದೆ?

ಅಬ್ಬಾ ಆ ಪಾದಗಳನ್ನು ನೋಡುತ್ತಾ ಸುಣ್ಣದ ಕಡ್ಡಿಯನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದರು. ಇಲ್ಯಾಸ್ ಮಲಗಿದಲ್ಲಿಂದಲೇ ತಲೆ ಎತ್ತಿ ತನ್ನ ಪಾದ ನೋಡಿಕೊಂಡ. ನಿಧಾನವಾಗಿ ಮಂಡಿ ಮಡಚಿ ಎರಡನ್ನೂ ಗೆರೆಯ ಈಚೆಗೆ ಎಳೆದುಕೊಂಡ.

"ನಾನು ಮಲಗೋದು ಹಿಂಗೇ ಮಾಮು. ಕಾಲು ಮಡಚ್ಕೊಂಡು."

"ಯಾವತ್ತಿಂದ?" ಅಬ್ಬಾ ಕೇಳಿದರು.

"ಇವತ್ತಿಂದ."

ಅಬ್ಬಾ ಅದೇ ಗೆರೆಯ ಮೇಲೆ ಇನ್ನೊಮ್ಮೆ ಸುಣ್ಣದ ಕಡ್ಡಿ ಎಳೆದರು. ಆಮೇಲೆ ನಯಾಜನ ಕಡೆ ತಿರುಗದೆಯೇ ಗರಗಸಕ್ಕೆ ಕೈ ಚಾಚಿದರು.